ತಂಗಿಯ ಫಾರ್ಮಿಗೆ ನಾನು ಹೇಳಿದ ಉತ್ತರ

ಬಹರೈನಿನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಅಕೌಂಟೆಂಟ್ ಆಗಿರುವ ನಾನು ಒಬ್ಬನೇ ಒಬ್ಬ ನೌಕರನ ಆದಾಯ ತೆರಿಗೆಯನ್ನೂ ಲೆಕ್ಕ ಹಾಕಿದವನಲ್ಲ. ಆದರೆ ಹಾಳೂರಿಗೆ ಉಳಿದವನೇ ಗೌಡ. ನಮ್ಮವರಲ್ಲಿ ಬಿ.ಕಾಂ. ಓದಿದವನು ನಾನೊಬ್ಬನೇ ಆದ್ದರಿಂದ ಯಾವ ದೇಶದ ಕಾಗದವಾದರೂ ನನ್ನ ಹತ್ತಿರವೇ ಬರುತ್ತಿತ್ತು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ.

ಇಲ್ಲಿ ನರ್ಸ್ ಆಗಿದ್ದ ನನ್ನ ತಂಗಿಗೆ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳ ಗಂಡ ಮತ್ತು ಆರು ವರ್ಷದ ಮಗಳು ಇಲ್ಲೇ ಬಹರೈನಿನ ಬುಸೈತೀನ್‌ನ ಫ್ಲ್ಯಾಟಿನಲ್ಲೇ ಉಳಿದರು. ಅವರಿಬ್ಬರ ವೀಸಾಕ್ಕೆ ಬೇಕಾದ ದುಡ್ಡು ಬೇಗ ಕೂಡಲಿ ಎಂದು ತಂಗಿ ಶನಿವಾರ, ಭಾನುವಾರ ಒಂದು ವೃದ್ಧಾಶ್ರಮದಲ್ಲಿ ಎರಡನೇ ಕೆಲಸ ಹಿಡಿದಳು. ಅಲ್ಲಿ ಮೊದಲ ದಿನವೇ ಒಂದು ಫಾರ್ಮ್ ಕೊಟ್ಟರಂತೆ. ಸಂಬಳದಲ್ಲಿ ಎಷ್ಟು ತೆರಿಗೆ ಮುರಿಯಬೇಕೆಂದು ಹೇಳುವ ಟ್ಯಾಕ್ಸ್ ಕೋಡನ್ನು ಅದನ್ನು ನೋಡಿಯೇ ಗೊತ್ತು ಮಾಡುವುದು.

"ಅಣ್ಣ, ಇದ್ರಲ್ಲಿ ಎ, ಬಿ, ಸಿ ಅಂತ ಮೂರುಂಟು," ಎಂದು ಫೋನಿನಲ್ಲಿ ಕೇಳಿದಳು. "ಬಿ ಅಂದ್ರೆ ಈಗ ಇದೊಂದೇ ಕೆಲಸ ಅಂತ. ಸಿ ಅಂದ್ರೆ ನಂಗೆ ಬೇರೆ ಕೆಲಸವೂ ಉಂಟು ಅಂತ. ನಾನು ಸಿಗೆ ಅಲ್ವಾ ಟಿಕ್ ಹಾಕ್ಬೇಕಾದ್ದು?"

ಅವಳು ಹೇಳಿದ್ದೇ ಸರಿ. ಆಗ ನಾನು ಸೆಗಯಾ ಬಡಾವಣೆಯ ಒಂದು ಟೈಲರ್ ಅಂಗಡಿಯ ಒಳಕೋಣೆಯಲ್ಲಿದ್ದೆ. ನನ್ನ ವೀಸಾ ಒಂದು ಕಂಪೆನಿಯದ್ದು. ಅವರಿಗೆ ಗೊತ್ತಾಗದ ಹಾಗೆ ದಿನಾ ಸಂಜೆ ಎರಡು ತಾಸು ಇಲ್ಲಿ ಲೆಕ್ಕ ಬರೆಯುತ್ತಿದ್ದೆ. ಅನುಮತಿ ಇಲ್ಲದೆ ಹೀಗೆ ದುಡಿದು ಸಿಕ್ಕಿಬಿದ್ದರೆ ಊರಿನ ವಿಮಾನ ಹತ್ತುವುದೊಂದೇ ಬಾಕಿ. ಎರಡನೇ ಕೆಲಸ ಎಂದು ಕೇಳಿದ್ದೇ ತಡ, ನನ್ನ ದನಿ ತಾನಾಗಿ ತಗ್ಗಿತು.

"ಹೇ ಮಾರಾಯ್ತಿ, ಆಸ್ಪತ್ರೆ ಕೆಲಸದ ಸುದ್ದಿ ಇವರಿಗೆ ಎಂತಕ್ಕೆ? ಬಿ ಹಾಕಿ ಸುಮ್ಮನೆ ಕೂತ್ಕೋ."

"ಇಲ್ಲಿ ಎರಡು ಕೆಲಸ ಮಾಡ್ಬಹುದು ಅಣ್ಣ. ಆಸ್ಪತ್ರೆಯವರಿಗೂ ಗೊತ್ತುಂಟು."

"ಅಕೌಂಟೆಂಟ್ ನಾನಾ, ನೀನಾ?"

ಅವಳು ಬಿ ಹಾಕಿದಳು.

ವರ್ಷಕ್ಕೆ ಇಷ್ಟು ದುಡಿಮೆಗೆ ತೆರಿಗೆ ಇಲ್ಲ ಎಂಬ ವಿನಾಯಿತಿ ಅಲ್ಲಿ ಒಬ್ಬರಿಗೆ ಒಂದೇ. ನನ್ನ ಬುದ್ಧಿವಂತಿಕೆಯಿಂದ ಅವಳಿಗೆ ಎರಡೂ ಕಡೆ ಸಿಕ್ಕಿತು. ವೃದ್ಧಾಶ್ರಮದ ಸಂಬಳ ಪೂರ್ತಿ ಕೈಗೆ ಬಂದಾಗ, ನೋಡಿದೆಯಾ ಎಂದು ನಾನು ಬೀಗಿದ್ದೂ ಉಂಟು. ವರ್ಷ ಮುಗಿದ ಮೇಲೆ ತೆರಿಗೆ ಕಚೇರಿಯ ಕಾಗದ ಬಂತು. ಕಡಿಮೆ ಕಟ್ಟಿದ್ದೀರಿ, ಮುಂದಿನ ಸಂಬಳಗಳಲ್ಲಿ ಮುರಿದುಕೊಳ್ಳುತ್ತೇವೆ ಎಂದಿತ್ತು. ಗಂಡ, ಮಗಳು ಹೋಗುವುದು ಮತ್ತೊಂದು ವರ್ಷ ಮುಂದಕ್ಕೆ ಬಿತ್ತು.

ಆ ಶುಕ್ರವಾರ ನಾನು ಬುಸೈತೀನ್‌ಗೆ ಊಟಕ್ಕೆ ಹೋಗಿದ್ದೆ. ತಂಗಿ ವಿಡಿಯೋ ಕಾಲಿನಲ್ಲಿ ಗಂಡನಿಗೆ ವಿಷಯ ತಿಳಿಸಿದಳು. ಪಕ್ಕದಲ್ಲಿ ಕುಳಿತ ನನ್ನ ಮುಖವೂ ಅವಳಿಗೆ ಕಾಣುತ್ತಿತ್ತು.

"ನಾನೇ ಗಡಿಬಿಡಿಯಲ್ಲಿ ತಪ್ಪು ಟಿಕ್ ಹಾಕಿದ್ದು," ಎಂದಳು.

ಗಂಡನಿಗೆ ಸಿಟ್ಟು ನೆತ್ತಿಗೇರಿತು. "ಮನೆಯಲ್ಲೇ ಅಕೌಂಟೆಂಟ್ ಇದ್ದಾರೆ. ಭಾವನತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

ಹಾಗಾದರೆ ಅಮ್ಮನ ಹತ್ತಿರ ಹೋಗುವುದು ಯಾವಾಗ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಬಿ ಹಾಕಲು ಹೇಳಿದ್ದು ನಾನು ಎಂದರೆ ಮುಗಿಯುತ್ತಿತ್ತು. ಹಿರಿಯನಾದ ನಾನು ಏನಾದರೂ ಹೇಳುತ್ತೇನೆಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೇಳಿದೆ ಕೂಡ.

"ಹೋಗ್ಲಿ ಬಿಡಿ, ಬಯ್ಬೇಡಿ. ಪಾಪ, ಅವಳಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ?"