ಬಾವಿಕಟ್ಟೆಯಲ್ಲಿ ಆಡಬಾರದ ಮಾತು

ಬೆಳಗಿನ ಐದೂಮುಕ್ಕಾಲು. ವೀರನಹೊಸಹಳ್ಳಿಯ ಹತ್ತಿರದ ಒಂದು ಹೊಲ. ಕಾಡಿನ ಕಡೆಯಿಂದ ಇಳಿದ ಮಂಜು ಬಾವಿಯ ಬಾಯಿಯ ಮೇಲೆ ಕೂತಿದೆ, ಎದ್ದು ಹೋಗುವ ಅವಸರ ಅದಕ್ಕಿಲ್ಲ. ಹಿಂದೆ ಎತ್ತುಗಳಿಂದ ನೀರೆತ್ತಲು ಕಪಿಲೆ ಹೂಡುತ್ತಿದ್ದ ಎರಡು ಕಲ್ಲುಕಂಬಗಳ ನಡುವೆ ಕಬ್ಬಿಣದ ತೊಲೆ ಕಟ್ಟಿ, ಅದಕ್ಕೆ ಭಾರ ಎತ್ತುವ ಕರೆಂಟಿನ ವಿಂಚನ್ನು ಬೋಲ್ಟು ಹಾಕಿ ಬಿಗಿಯುತ್ತಿದ್ದಾರೆ ಚಿಕ್ಕಬೀರಮ್ಮ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಕೈಗೆ ಚರ್ಮದ ಗ್ಲೌಸು, ಕಾಲಿಗೆ ಗದ್ದೆಗೆ ಹಾಕುವ ಬೂಟು. ವಯಸ್ಸು ನಲವತ್ತಾರು.

ಪಂಪ್‌ಸೆಟ್ಟಿನ ಮನೆಯಿಂದ ಎಳೆದ ವೈರು ನನ್ನ ಕಾಲಿಗೆ ತೊಡರುತ್ತದೆ. ಮುಗ್ಗರಿಸುತ್ತೇನೆ. ಹೊಲದ ಒಡತಿ ಪುಟ್ಟತಾಯಮ್ಮ ‘ಪೆಟ್ಟಾಯ್ತಾ ಸಾ?’ ಎಂದು ಓಡಿಬರುತ್ತಾರೆ. ‘ಏನಿಲ್ಲ ಬಿಡಿ’ ಎನ್ನುತ್ತೇನೆ.

ಮೂರು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗುತ್ತವೆ. ಪುಟ್ಟತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಬಾವಿಗೆ ಇಳಿಯಲು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ ದೊಡ್ಡಬೀರಯ್ಯನ ಕೈ ಅಲ್ಲೇ ನಿಲ್ಲುತ್ತದೆ. ಚಿಕ್ಕಬೀರಮ್ಮ ಮಾತ್ರ ಸ್ಪ್ಯಾನರು ಕೆಳಗಿಟ್ಟು ಮೆತ್ತಗೆ ಹೇಳುತ್ತಾರೆ, ‘ಸಾ, ಆ ಮಾತು ಇಲ್ಲಿ ಆಡ್ಬೇಡಿ. ಕೈ ಮುಗಿತೀನಿ.’

ಏಳು ವರ್ಷದ ಹಿಂದೆ ಇದೇ ಬಾವಿಯಲ್ಲಿ, ಇದೇ ಯಂತ್ರ ನಡೆಸುವಾಗ ಅವರ ಗಂಡ ಚಿಕ್ಕಮಾದಯ್ಯ ತೀರಿಕೊಂಡರು. ಗಂಡ ಕೆಳಗೆ, ಹೆಂಡತಿ ಮೇಲೆ. ಎತ್ತುವ, ಇಳಿಸುವ ಎರಡು ಬಟನ್ನಿನ ರಿಮೋಟು ಹೆಂಡತಿಯ ಕೈಯಲ್ಲಿತ್ತು. ಇವತ್ತು ಬಾವಿಗೆ ಇಳಿಯುತ್ತಿರುವುದು ಅದೇ ಚಿಕ್ಕಮಾದಯ್ಯನ ತಮ್ಮ ದೊಡ್ಡಬೀರಯ್ಯ. ರಿಮೋಟು ಅದೇ ಕೈಯಲ್ಲಿದೆ. ಕೆಳಗಿನ ಮಾತನ್ನು ಮೇಲಿನವರು ಇನ್ನೊಂದು ಸಲ ತಪ್ಪು ತಿಳಿದರೆ ಆ ಮನೆಯಲ್ಲಿ ಎರಡನೆಯ ಸಾವು. ಬಾವಿಕಟ್ಟೆಯಲ್ಲಿ ನಿಂತ ನಾಲ್ವರಿಗೂ ಅದು ಗೊತ್ತು.

ವಿಂಚು ನೋಡಲು ಅಂಥ ದೊಡ್ಡದೇನಲ್ಲ. ಮೂವತ್ತೆರಡು ಕಿಲೋ ತೂಕ, ಚಿಕ್ಕಬೀರಮ್ಮ ಒಬ್ಬರೇ ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಳ್ಳುತ್ತಾರೆ. ಆದರೆ ಅದು ಅರ್ಧ ಟನ್ ಎತ್ತುತ್ತದೆ, ಇನ್ನೊಂದು ರಾಟೆ ಹಾಕಿ ಹಗ್ಗ ಮಡಚಿದರೆ ಒಂದು ಟನ್. ಮೊದಲು ಎಂಟು ಜನ ಗಂಡಸರು ಐಸಾ ಎನ್ನುತ್ತ ಎಳೆಯುತ್ತಿದ್ದ ಕೆಲಸವನ್ನು ಈಗ ಒಂದು ಹೆಬ್ಬೆರಳು ಮಾಡುತ್ತದೆ. ಚಿಕ್ಕಮಾದಯ್ಯ ಕೊಯಮತ್ತೂರಿಗೆ ಹೋಗಿ ಇದನ್ನು ತಂದ ದಿನ ಊರಿನವರು ಇಷ್ಟು ಸಣ್ಣದು ಏನು ಎತ್ತೀತು ಎಂದು ನಕ್ಕರಂತೆ. ಅವರು ಚಾವಡಿಯ ಮುಂದಿದ್ದ ಗುಂಡುಕಲ್ಲನ್ನು ಎತ್ತಿ ನೇತುಹಾಕಿ, ಹೋಗಿ ಊಟ ಮಾಡಿ ಬಂದು ಇಳಿಸಿದರಂತೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕು ತಾಲೂಕಿನಿಂದಲೂ ಚಿಕ್ಕಬೀರಮ್ಮನಿಗೆ ಫೋನು ಬರುತ್ತದೆ. ಹೋದ ತಿಂಗಳು ಹತ್ತೊಂಬತ್ತು ಕೆಲಸ. ಹನ್ನೊಂದು ಬಾವಿಗೆ ಬಿದ್ದ ಮೋಟಾರುಗಳು, ಮೂರು ದನ, ಬೀಚನಹಳ್ಳಿಯ ಹತ್ತಿರ ಕಾಲುವೆಗೆ ಮಗುಚಿದ ಒಂದು ಪವರ್ ಟಿಲ್ಲರ್, ಮಿಕ್ಕಿದ್ದು ಮರದ ದಿಮ್ಮಿ, ಕಲ್ಲು, ಹೂಳು. ಈ ಆರು ವರ್ಷಗಳಲ್ಲಿ ಬಾವಿಗಳಿಂದ ನಲವತ್ತೊಂದು ದನ ಎತ್ತಿದ್ದಾರೆ, ಮೂವತ್ತನಾಲ್ಕು ಜೀವಂತ ಬಂದಿವೆ. ಮನುಷ್ಯರನ್ನೂ ಎತ್ತಿದ್ದೀರಾ ಎಂದು ಕೇಳುತ್ತೇನೆ. ‘ಎತ್ತಿವ್ನಿ. ಅದ್ರ ಲೆಕ್ಕ ಇಟ್ಟಿಲ್ಲ ಸಾ’ ಎನ್ನುತ್ತಾರೆ. ನನಗೆ ಕೇಳಬಾರದಿತ್ತು ಅನ್ನಿಸುತ್ತದೆ.

ಅವರ ಕೆಲಸದ ಶಿಸ್ತು ನೋಡಲು ಎರಡು ಕಣ್ಣು ಸಾಲದು. ಉಕ್ಕಿನ ಹಗ್ಗ ಉರುಳೆಯ ಮೇಲೆ ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೊಂದು ಏರಿದರೆ ಬಿಚ್ಚಿ ಮತ್ತೆ ಸುತ್ತುತ್ತಾರೆ. ಎಷ್ಟೇ ಆಳಕ್ಕೆ ಇಳಿಸಿದರೂ ಉರುಳೆಯಲ್ಲಿ ಐದು ಸುತ್ತು ಉಳಿಯಲೇಬೇಕು. ಬಿಗಿದ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಾರೆ, ತುಂಡಾದರೆ ಚಾಟಿಯ ಹಾಗೆ ಬೀಸದೆ ಅಲ್ಲೇ ಬೀಳಲಿ ಎಂದು. ಹತ್ತು ನಿಮಿಷ ಎಳೆದರೆ ಹತ್ತು ನಿಮಿಷ ಯಂತ್ರಕ್ಕೆ ವಿರಾಮ. ಮನುಷ್ಯರನ್ನು ವಿಂಚಿನ ಕೊಕ್ಕೆಗೆ ಕಟ್ಟಿ ಇಳಿಸುವುದು ಇಲ್ಲವೇ ಇಲ್ಲ. ಇಳಿಯುವವರು ಬಾವಿಯ ಗೋಡೆಯಿಂದ ಚಾಚಿಕೊಂಡ ಮೆಟ್ಟಿಲುಗಲ್ಲುಗಳ ಮೇಲೆ, ಸೊಂಟಕ್ಕೆ ಬೇರೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು.

ಎಲ್ಲಕ್ಕಿಂತ ವಿಚಿತ್ರವಾದದ್ದು ಅವರ ಮೌನ. ಕೆಲಸ ಶುರುವಾದ ಮೇಲೆ ಬಾವಿಯೊಳಗಿನವರು ಬಾಯಿ ತೆರೆಯುವಂತಿಲ್ಲ. ಗೋಡೆಗೆ ಒರಗಿಸಿದ ಕಬ್ಬಿಣದ ಪೈಪನ್ನು ಕೆಳಗಿನಿಂದ ಕಲ್ಲಿನಲ್ಲಿ ಬಡಿಯಬೇಕು. ಒಂದು ಬಡಿತಕ್ಕೆ ನಿಲ್ಲಿಸು, ಎರಡಕ್ಕೆ ಎತ್ತು, ಮೂರಕ್ಕೆ ಇಳಿಸು. ಪೈಪಿನ ಮೇಲ್ತುದಿಯ ಮೇಲೆ ಚಿಕ್ಕಬೀರಮ್ಮ ಎಡ ಅಂಗೈ ಇಟ್ಟಿರುತ್ತಾರೆ. ಆ ಕೈಗೆ ಮಾತ್ರ ಗ್ಲೌಸು ಇಲ್ಲ.

‘ಕಿವಿ ನಂಬಲ್ಲ ಕಣ್ ಸಾ ನಾನು. ಅಂಗೈ ಸುಳ್ಳು ಯೇಳಲ್ಲ’ ಎನ್ನುತ್ತಾರೆ.

ಬಾವಿಯ ಕಡೆ ಬರುವ ಮುನ್ನ, ಹಿಂದಿನ ದಿನ ಸಂಜೆ, ಪುಟ್ಟತಾಯಮ್ಮ ತಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಕಾಫಿ ಕೊಟ್ಟು ಆ ದಿನದ ಕಥೆ ಹೇಳಿದ್ದರು. ನಮ್ಮ ಹಳೇ ಮೈಸೂರಿನ ಸೀಮೆಯಲ್ಲಿ ‘ಬುಡು’ ಎಂಬ ಮಾತಿಗೆ ಬಿಡುವೇ ಇಲ್ಲ. ಹಗ್ಗ ಸಡಿಲಿಸು ಅನ್ನುವುದಕ್ಕೂ ಬುಡು. ಸಾಕು, ಅದರ ತಂಟೆಗೆ ಹೋಗಬೇಡ ಅನ್ನುವುದಕ್ಕೂ ಬುಡು. ಜಗಳ ಆಡುವವನಿಗೂ ಬುಡು, ಇನ್ನೊಂದು ಮುದ್ದೆ ಹಾಕಲು ಬಂದವಳಿಗೂ ಬುಡು. ವೈರು ತೊಡರಿದಾಗ ನನ್ನ ಬಾಯಿ ತಪ್ಪಿ ಬಂದದ್ದೂ ಅದೇ ಮಾತು. ಆವತ್ತು ಹೂಳು ತುಂಬಿದ ಕಬ್ಬಿಣದ ತೊಟ್ಟಿ ಮೇಲೆ ಬರುವಾಗ ಅರ್ಧದಲ್ಲಿ ಮೆಟ್ಟಿಲುಗಲ್ಲಿಗೆ ಸಿಕ್ಕಿಕೊಂಡಿತು. ಚಿಕ್ಕಮಾದಯ್ಯ ಕೆಳಗಿನಿಂದ ‘ಬುಡು’ ಎಂದರು. ಎಳೆಯಬೇಡ, ಸುಮ್ಮನಿರು ಎಂದು ಅವರ ಅರ್ಥ. ಹೆಂಡತಿ ಹಗ್ಗ ಸಡಿಲಿಸು ಎಂದು ತಿಳಿದು ಇಳಿಸುವ ಬಟನ್ ಒತ್ತಿದರು. ಹಗ್ಗ ಸಡಿಲಾಯಿತು, ಕಲ್ಲಿನ ಮೇಲೆ ಕೂತಿದ್ದ ತೊಟ್ಟಿ ಜಾರಿತು.

‘ಕೇಳಿದ್ದು ಸರಿಯಾಗೇ ಕೇಳುಸ್ತಂತೆ ಅವ್ಳಿಗೆ. ಅದ್ಕೇ ಅವ್ಳ ಸಂಕ್ಟ ತೀರಾಕಿಲ್ಲ’ ಎಂದರು ಪುಟ್ಟತಾಯಮ್ಮ.

ಆಮೇಲೆ ಚಿಕ್ಕಬೀರಮ್ಮ ಆ ಪದವನ್ನೇ ತೊರೆದಿದ್ದಾರೆ. ಕೆಲಸದಲ್ಲಿ ಮಾತ್ರವಲ್ಲ, ಮನೆಯಲ್ಲೂ. ಬಸ್ಸು ‘ವೊಂಟೋಯ್ತು’ ಅನ್ನುತ್ತಾರೆ, ಕರುವನ್ನು ‘ಬಿಚ್ಚು’ ಅನ್ನುತ್ತಾರೆ. ನಮ್ಮ ಕಡೆ ಆ ಪದವಿಲ್ಲದೆ ಒಂದು ದಿನ ಕಳೆಯುವುದು ಎಷ್ಟು ಕಷ್ಟವೆಂದು ಈ ಲೇಖನ ಬರೆಯುತ್ತ ನನಗೆ ತಿಳಿಯುತ್ತಿದೆ. ಎಷ್ಟು ಸಾಲು ಹೊಡೆದು ಹಾಕಿದೆನೋ ಲೆಕ್ಕವಿಲ್ಲ.

ಒಂದು ವರ್ಷ ಯಂತ್ರವನ್ನು ಅವರು ಮುಟ್ಟಲಿಲ್ಲ. ಅದು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡಿತ್ತು. ಒಂದು ಮುಂಜಾನೆ ಪಿರಿಯಾಪಟ್ಟಣದ ಕಡೆಯಿಂದ ಇಬ್ಬರು ಬಂದು, ಗಬ್ಬದ ಹಸು ಬಾವಿಗೆ ಬಿದ್ದಿದೆ, ಯಂತ್ರ ಕೊಡಿ ಎಂದು ಕೇಳಿದರು. ನಡೆಸುವವರು ಯಾರು ಎಂದರೆ ಅವರಿಗೆ ಗೊತ್ತಿರಲಿಲ್ಲ. ‘ಗೊತ್ತಿಲ್ದೋರ ಕೈಗೆ ಕೊಟ್ರೆ ಇನ್ನೊಂದ್ ಜೀವ ಓಗ್ತದೆ ಅಂತ ನಾನೇ ಆಟೋ ಅತ್ತಿದೆ’ ಎಂದು ಚಿಕ್ಕಬೀರಮ್ಮ ನೆನೆಯುತ್ತಾರೆ. ‘ಹಸ ಮೇಲ್ ಬಂದು ನಿಂತ್ಕತು. ಮೈಯೆಲ್ಲ ನಡುಗ್ತಿತ್ತು ಅದುಕ್ಕೆ. ನಂಗೂವೆ.’ ಮೂರನೆಯ ದಿನ ಅದು ಕರು ಹಾಕಿತು.

ಅಲ್ಲಿಂದ ಇಲ್ಲಿಯವರೆಗೆ ಎಲ್ಲ ಬಾವಿಗಳಿಗೂ ಹೋದರು, ಪುಟ್ಟತಾಯಮ್ಮನ ಬಾವಿಯೊಂದನ್ನು ಬಿಟ್ಟು. (ನೋಡಿ, ಬರೆದೇಬಿಟ್ಟೆ.) ಈಗ ಯಾಕೆ ಬಂದರು ಎಂದರೆ, ಅದಕ್ಕೂ ಒಂದು ಕಾರಣವಿದೆ. ಪುಟ್ಟತಾಯಮ್ಮನ ಬೋರ್‌ವೆಲ್ ಬತ್ತಿತು. ಹಳೆಯ ಬಾವಿಯ ಹೂಳೆತ್ತಿಸೋಣವೆಂದು ಅವರು ಹೋದ ವರ್ಷ ಒಂದು ತಂಡ ಕರೆಸಿದರು. ಆ ತಂಡ ಅರ್ಧ ದಿನಕ್ಕೇ ಗಂಟುಮೂಟೆ ಕಟ್ಟಿತು, ತಮ್ಮ ತೊಟ್ಟಿಯನ್ನೂ ತೆಗೆದುಕೊಂಡು ಹೋಗಲಿಲ್ಲ. ಈ ವರ್ಷ ಇನ್ನೊಂದು ತಂಡ ಬಂತು. ಮಧ್ಯಾಹ್ನದ ಹೊತ್ತಿಗೆ ಕೆಳಗಿದ್ದವನು ಮೇಲೆ ಹತ್ತಿ ಬಂದು, ಹಗ್ಗ ಹಿಡಿದಿದ್ದವನ ಕೆನ್ನೆಗೆ ಬಾರಿಸಿದ. ಯಾಕೋ ಹಗ್ಗ ಸಡಿಲಿಸಿದೆ ಎಂದು ಇವನು, ನೀನೇ ತಾನೇ ಹೇಳಿದ್ದು ಎಂದು ಅವನು. ಕೆಳಗಿದ್ದವನು ಬಾಯಿ ತೆರೆದಿರಲಿಲ್ಲವಂತೆ. ತೊಟ್ಟಿ ಅವನ ಭುಜ ಸವರಿಕೊಂಡು ಹೋಗಿತ್ತು.

ಈ ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ಚಿಕ್ಕಬೀರಮ್ಮ ತಾವಾಗಿಯೇ ಪುಟ್ಟತಾಯಮ್ಮನ ಮನೆಗೆ ಬಂದರು. ‘ಬ್ಯಾರೆ ಯಾರ್ನೂ ಕರುಸ್ಬೇಡಿ ಅಮ್ಮಾ. ನಮ್ ಯಜಮಾನ್ರ ದನಿ ಕೇಳಿ ಇನ್ನೊಬ್ರು ಸಾಯ್ಬಾರ್ದು. ನಾನೇ ಬತ್ತೀನಿ’ ಎಂದರಂತೆ. ಕೆಳಗೆ ಇಳಿಯಲು ಯಾರು ಒಪ್ಪುತ್ತಾರೆ? ದೊಡ್ಡಬೀರಯ್ಯ ಯಾರೂ ಕೇಳುವ ಮೊದಲೇ ‘ನಾನಿಳಿತೀನಿ ಅತ್ಗೆ’ ಎಂದರಂತೆ.

ಮಂಜು ಸ್ವಲ್ಪ ತಿಳಿಯಾಗಿದೆ. ಮೊದಲು ಹೊತ್ತಿಸಿದ ಲಾಟೀನನ್ನು ಕೊಕ್ಕೆಗೆ ಸಿಕ್ಕಿಸಿ ಐವತ್ತೈದು ಅಡಿ ಕೆಳಗೆ ಇಳಿಸುತ್ತಾರೆ. ದೀಪ ಆರಿದರೆ ಕೆಳಗೆ ಗಾಳಿ ಕೆಟ್ಟಿದೆ ಎಂದು ಅರ್ಥ, ಯಾರೂ ಇಳಿಯುವುದಿಲ್ಲ. ದೀಪ ಆರಲಿಲ್ಲ. ದೊಡ್ಡಬೀರಯ್ಯ ಭೂಮಿ ಮುಟ್ಟಿ ಕಣ್ಣಿಗೊತ್ತಿಕೊಂಡು ಕಲ್ಲು ಕಲ್ಲು ಇಳಿದು ಮಂಜಿನೊಳಗೆ ಕಾಣೆಯಾಗುತ್ತಾರೆ. ಸ್ವಲ್ಪ ಹೊತ್ತಿಗೆ ಪೈಪು ಮೂರು ಸಲ ಟಣ್ ಅನ್ನುತ್ತದೆ. ತೊಟ್ಟಿ ಇಳಿಯುತ್ತದೆ.

ಒಂದು, ಎರಡು, ಐದು ತೊಟ್ಟಿ ಹೂಳು ಮೇಲೆ ಬರುತ್ತದೆ. ಕಪ್ಪಗೆ, ತಣ್ಣಗೆ, ಹಳೆಯ ಎಲೆಗಳ ವಾಸನೆ. ನನಗೂ ಧೈರ್ಯ ಬಂದು ನೋಟ್‌ಬುಕ್ಕು ತೆಗೆಯುತ್ತೇನೆ. ಆರನೆಯದು ಅರ್ಧ ದಾರಿಗೆ ಬಂದಾಗ ಯಂತ್ರದ ದನಿ ದಪ್ಪವಾಗುತ್ತದೆ. ಚಿಕ್ಕಬೀರಮ್ಮ ಬೆರಳು ತೆಗೆಯುತ್ತಾರೆ. ತೊಟ್ಟಿ ಮೆಟ್ಟಿಲುಗಲ್ಲಿಗೆ ಸಿಕ್ಕಿಕೊಂಡಿದೆ.

ಯಂತ್ರ ನಿಂತ ಮೇಲಿನ ನಿಶ್ಶಬ್ದದಲ್ಲಿ, ಬಾವಿಯೊಳಗಿನಿಂದ ಒಂದು ದನಿ ಬರುತ್ತದೆ.

‘ಬುಡು.’

ದೆವ್ವದ ಕಥೆ ಬರೆದು ತಾ ಎಂದು ನನ್ನನ್ನು ಯಾರೂ ಕಳಿಸಿರಲಿಲ್ಲ. ಕೇಳಿದ್ದನ್ನು ಹೇಳುತ್ತಿದ್ದೇನೆ. ಅದು ಕಿರುಚಾಟವಲ್ಲ, ನರಳಾಟವೂ ಅಲ್ಲ. ಕೆಲಸ ಮಾಡಿ ದಣಿದ ಗಂಡಸು ಮನೆಯವಳಿಗೆ ಹೇಳುವ ಮಾಮೂಲಿ ದನಿ. ಅದು ಮಾಮೂಲಿಯಾಗಿದ್ದದ್ದಕ್ಕೇ ನಾನು ಬಾವಿಯಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಪುಟ್ಟತಾಯಮ್ಮ ಕೂತಲ್ಲೇ ಕಣ್ಣು ಮುಚ್ಚಿಕೊಂಡಿದ್ದಾರೆ. ಚಿಕ್ಕಬೀರಮ್ಮನ ಹೆಬ್ಬೆರಳು ಇಳಿಸುವ ಬಟನ್ನಿನ ಮೇಲಿದೆ, ಎಡ ಅಂಗೈ ಪೈಪಿನ ಮೇಲಿದೆ. ಪೈಪು ಸುಮ್ಮನಿದೆ.

‘ಬುಡು’ ಎನ್ನುತ್ತದೆ ದನಿ, ಇನ್ನೊಂದು ಸಲ. ಈಗ ಸ್ವಲ್ಪ ಬೇಸರದಲ್ಲಿ.

ಆಕೆಯ ಕಣ್ಣಿನಲ್ಲಿ ನೀರು ಧಾರಾಕಾರ, ಒರೆಸಿಕೊಳ್ಳಲು ಕೈ ಖಾಲಿ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತರೋ ಗೊತ್ತಿಲ್ಲ. ಆಮೇಲೆ ಪೈಪು ಒಂದು ಸಲ ಬಡಿದುಕೊಳ್ಳುತ್ತದೆ. ನಿಲ್ಲಿಸು. ಮತ್ತೆ ಬಹಳ ಹೊತ್ತಿನ ಮೇಲೆ ಎರಡು ಸಲ. ಎತ್ತು. ಆಕೆ ಬಟನ್ನು ಮುಟ್ಟಿ ಮುಟ್ಟಿ ಬೆರಳಗಲ ಬೆರಳಗಲ ಎಳೆಯುತ್ತಾರೆ. ತೊಟ್ಟಿ ಕಲ್ಲನ್ನು ಉಜ್ಜಿಕೊಂಡು ತಪ್ಪಿಸಿಕೊಂಡು ಮೇಲೆ ಬರುತ್ತದೆ.

ಅದರ ಹಿಂದೆಯೇ ದೊಡ್ಡಬೀರಯ್ಯ ಹತ್ತಿ ಬರುತ್ತಾರೆ, ಮಂಡಿಯವರೆಗೆ ಕೆಸರು. ನಾನು ತಡೆಯಲಾರದೆ ಕೇಳುತ್ತೇನೆ, ‘ನೀವು ಕೆಳಗಿನಿಂದ ಏನಾದರೂ ಹೇಳಿದಿರಾ?’

‘ನಾನೆಲ್ಲಿ ಮಾತಾಡಾದು ಸಾ? ಬಾಯಲ್ಲಿ ಟಾರ್ಚ್ ಕಚ್ಕಂಡಿದ್ದೆ’ ಎನ್ನುತ್ತಾರೆ. ಟಾರ್ಚಿನ ಮೇಲೆ ಹಲ್ಲಿನ ಗುರುತು ಇನ್ನೂ ಒದ್ದೆ. ‘ಕಾಲು ಹೂಳಲ್ಲಿ ಉಗ್ದೋಗಿತ್ತು. ತೊಟ್ಟಿ ನೆಟ್ಟಗೆ ತಲೆ ಮ್ಯಾಲೇ. ಕಾಲು ಕಿತ್ಕಳಗಂಟ ಪೈಪು ಬಡಿಯಾಕೂ ಆಗ್ನಿಲ್ಲ. ಆವಾಗೇನಾರ ಅತ್ಗೆ ಅಗ್ಗ ಸಡ್ಲುಸಿದ್ರೆ...’ ಎಂದು ಅಲ್ಲಿಗೇ ನಿಲ್ಲಿಸಿ ಅತ್ತಿಗೆಯ ಮುಖ ನೋಡುತ್ತಾರೆ. ಅರ್ಥವಾಗುತ್ತದೆ. ‘ಅಣ್ಣನಾ?’

ಚಿಕ್ಕಬೀರಮ್ಮ ಹೌದೆಂದು ತಲೆಯಾಡಿಸುತ್ತಾರೆ.

‘ಏನಂದ?’

‘ಅದೇಯ.’

ದೊಡ್ಡಬೀರಯ್ಯ ಪುಟ್ಟತಾಯಮ್ಮ ಕೊಟ್ಟ ಟೀ ಕುಡಿದು, ಲೋಟ ತೊಳೆದಿಟ್ಟು, ಸೊಂಟದ ಹಗ್ಗ ಇನ್ನೊಮ್ಮೆ ಜಗ್ಗಿ ನೋಡಿಕೊಂಡು ಮತ್ತೆ ಬಾವಿಗೆ ಇಳಿಯುತ್ತಾರೆ. ಇನ್ನೂ ಅರವತ್ತು ತೊಟ್ಟಿ ಹೂಳಿದೆಯಂತೆ, ನಾಲ್ಕು ದಿನದ ಕೆಲಸ. ಯಂತ್ರ ತಣ್ಣಗಾಗಲೆಂದು ಚಿಕ್ಕಬೀರಮ್ಮ ಕಟ್ಟೆಯ ಮೇಲೆ ಕೂರುತ್ತಾರೆ. ನಿಮ್ಮ ಯಜಮಾನರು ಇವತ್ತು ಏನು ಹೇಳುತ್ತಿದ್ದರು, ಸಡಿಲಿಸು ಎಂದೋ, ಸುಮ್ಮನಿರು ಎಂದೋ ಎಂದು ನಾನು ಕೇಳುತ್ತೇನೆ. ಅವರು ಪೈಪಿನ ಮೇಲಿನ ಕೈ ತೆಗೆಯುವುದಿಲ್ಲ.

‘ಆವತ್ತೂ ನಂಗೆ ಗೊತ್ತಾಗ್ನಿಲ್ಲ, ಇವತ್ತೂ ಗೊತ್ತಾಗ್ನಿಲ್ಲ ಸಾ’ ಎನ್ನುತ್ತಾರೆ. ‘ಆದ್ರೆ ಈ ಸಲ ನಾನು ಬಟನ್ ಒತ್ನಿಲ್ಲ.’