ಪೈಪಿಗೆ ಸುತ್ತಿದ ಗದ್ದಿಗೆ ಕಂಬಳಿ

ಕ್ಯಾರಂ ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಪೌಡರ್ ಗೊತ್ತಲ್ಲ, ಅದೇ ನನ್ನ ಕಸುಬು. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ, ಉಳಿದ ಹೊತ್ತಿನಲ್ಲಿ ಲ್ಯಾಬಿನಲ್ಲಿ ಅದನ್ನು ಬಿಸಿನೀರಿಗೆ ಕರಗಿಸುತ್ತೇನೆ. ಪರಮಾಣು ಸ್ಥಾವರದಲ್ಲಿ ಅವಘಡವಾದರೆ ಇಂಥ ನೀರನ್ನು ರಿಯಾಕ್ಟರಿಗೆ ನುಗ್ಗಿಸುತ್ತಾರೆ. ಒಳಗಿನ ಅಣುವಿದಳನವನ್ನು ಅದು ಅಡಗಿಸುತ್ತದೆ. ನಮ್ಮ ಲ್ಯಾಬಿನಲ್ಲಿ ಯುರೇನಿಯಂ ಚೂರೂ ಇಲ್ಲ, ಅದರ ಜಾಗದಲ್ಲಿ ಕರೆಂಟಿನ ಹೀಟರ್ ಕಡ್ಡಿಗಳಿವೆ. ನೀರು ಸರಿಯಾದ ಹೊತ್ತಿಗೆ ತಲುಪಿ ಎಲ್ಲ ಕಡೆ ಬೆರೆಯುತ್ತದೆಯೇ ಎಂದು ನೋಡುವುದಷ್ಟೇ ನಮ್ಮ ಕೆಲಸ. ಇಷ್ಟು ಹೇಳಿದರೂ ಹಳ್ಳಿಮೈಸೂರಿನ ಪಕ್ಕದ ನಮ್ಮೂರಿನವರು ನನ್ನನ್ನು ಬಾಂಬಿನ ಮೇಡಂ ಎಂದೇ ಕರೆಯುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಆ ಪುಡಿಗೆ ಒಂದು ಕೆಟ್ಟ ಚಾಳಿ. ನೀರು ತಣ್ಣಗಾದರೆ ಹರಳುಗಟ್ಟಿ ಕೂತುಬಿಡುತ್ತದೆ. ಮಾಘದ ಚಳಿಗೆ ಕಿಟಕಿ ಪಕ್ಕದ ಪೈಪು ಮತ್ತೆ ಮತ್ತೆ ಕಟ್ಟಿಕೊಂಡಿತು. ಬೆಂಕಿ ಆರಿಸಲು ಬಂದವನೇ ಬಾಗಿಲಿಗೆ ಅಡ್ಡ ಮಲಗಿದ ಹಾಗೆ! ಪೈಪನ್ನು ಬೆಚ್ಚಗಿಡುವ ಹೀಟರ್ ಪಟ್ಟಿ ಬರುವುದು ತಡ ಎಂದರು. ಪ್ರಯೋಗ ನೋಡಲು ಹೊರಗಿನ ತಜ್ಞರು ಬರುವ ದಿನ ಹತ್ತಿರವಾಗಿತ್ತು. ಅವರೆದುರು ಪೈಪು ಕಟ್ಟಿದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಭಾನುವಾರ ಊರಿಗೆ ಹೋದವಳು ಅವ್ವನನ್ನು ಒಂದು ಕಂಬಳಿ ಕೇಳಿದೆ.

“ತ್ವಾಟದ ಕಂಬ್ಳಿ ತಕ್ಕೊಂಡೋಗು, ಪೆಟ್ಗೆ ಮ್ಯಾಲೈತೆ” ಎಂದಳು ಅವ್ವ, ಒಲೆ ಮುಂದಿನಿಂದಲೇ. ಪೆಟ್ಟಿಗೆಯ ಮೇಲೆ ಎರಡಿದ್ದವು, ಎರಡೂ ಕರಿಯವು. ದಪ್ಪಗಿದ್ದುದನ್ನು ಎತ್ತಿಕೊಂಡು ಬಂದೆ.

ಪ್ರಯೋಗದ ದಿನ ಬೆಳಿಗ್ಗೆ ಪೈಪಿಗೆ ಬಿಸಿ ದ್ರಾವಣ ತುಂಬಿ, ಕಂಬಳಿ ಸುತ್ತಿ, ದಾರ ಬಿಗಿದೆ. ಮಧ್ಯಾಹ್ನದವರೆಗೆ ಹಾಗೇ ಬಿಟ್ಟು ಆಮೇಲೆ ವಾಲ್ವ್ ತೆರೆಯಬೇಕು. ಅವಘಡವೇನು ಹೇಳಿ ಕೇಳಿ ಬರುತ್ತದೆಯೇ? ತಜ್ಞರು ಕಂಬಳಿ ನೋಡಿ ಮುಸಿಮುಸಿ ನಕ್ಕರು. ನಗಲಿ ಎಂದು ದಾರಕ್ಕೆ ಇನ್ನೊಂದು ಗಂಟು ಹಾಕಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ! ಹೊಳೇನರಸೀಪುರದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ.

“ಗದ್ಗೆ ಕಂಬ್ಳಿ ಎಲ್ಲವ್ವಾ? ಸಂಜೀಕೆ ವೀಳ್ಯ ಐತೆ.”

ನಾನು ಪೈಪಿನ ಕಡೆ ತಿರುಗಿದೆ. ನಮ್ಮೂರಲ್ಲಿ ಯಾರ ಮನೆ ಮದುವೆಯಾದರೂ ವೀಳ್ಯಶಾಸ್ತ್ರಕ್ಕೆ ನಮ್ಮನೆಯ ಕಂಬಳಿಯೇ ಗದ್ದಿಗೆ. ಅದರ ಮೇಲೆ ಅಕ್ಕಿ ಸುರಿದು, ಕಳಸವಿಟ್ಟು, ಗಂಡು ಹೆಣ್ಣಿನ ಕಡೆಯವರು ಮಾತು ಕೊಡುತ್ತಾರೆ. ಗದ್ದಿಗೆಯಲ್ಲಿ ಕೊಟ್ಟ ಮಾತಿಗೆ ತಪ್ಪುವಂತಿಲ್ಲ. ಆ ಕಂಬಳಿಯನ್ನು ಯಾರೂ ಹೊದೆಯುವುದಿಲ್ಲ, ತುಳಿಯುವುದಿಲ್ಲ. ಎಂದೂ ಪೆಟ್ಟಿಗೆಯೊಳಗೇ ಇರುವ ಅದನ್ನು ಅಪ್ಪ ಈ ವೀಳ್ಯಕ್ಕೆಂದು ಬಿಸಿಲಿಗೆ ಹಾಕಿ ತೆಗೆದು ಪೆಟ್ಟಿಗೆಯ ಮೇಲಿಟ್ಟಿದ್ದನಂತೆ. ನಾನು ತಂದು ಪೈಪಿಗೆ ಸುತ್ತಿದ್ದೆ.

ಅಪ್ಪ ಪೈಪಿನ ಹತ್ತಿರ ಹೋಗಿ ನೋಡಿದ. “ಈಗ್ಲೇ ಬಿಚ್ಚಿದ್ರೆ ಏನಾಯ್ತದೆ?”

“ಒಳಗಿನ ನೀರು ಗಟ್ಟಿಯಾಯ್ತದೆ ಅಪ್ಪ. ಬೇಕಾದಾಗ ಓಗಾಕಿಲ್ಲ.”

“ಬೇಕಾದಾಗ ಅಂದ್ರೆ?”

“ರಿಯಾಕ್ಟರ್ ಕೈಮೀರಿದಾಗ. ಆಗ ಬಂದೇ ಬತ್ತೀನಿ ಅಂತ ಈ ನೀರು ಕಾಯ್ಕೊಂಡಿರ್ಬೇಕು. ಇದು ಬರ್ನಿಲ್ಲ ಅಂದ್ರೆ ಜನ ಎಲ್ಲಿಗೋಯ್ತಾರೆ?”

ಅಪ್ಪ ಗೋಡೆ ಗಡಿಯಾರ ನೋಡಿದ. ಗದ್ದಿಗೆಯ ಮುಂದೆ ಕೂರುವವನಂತೆ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು, ಸ್ಟೂಲು ಎಳೆದುಕೊಂಡು ಪೈಪಿನ ಮುಂದೆ ಕೂತ. ಆ ಚಪ್ಪಲಿ ಕಂಡ ಮೇಲೆ ತಜ್ಞರೂ ನಗುವುದನ್ನು ಬಿಟ್ಟರು.

ಹೊತ್ತಾಯಿತು, ವಾಲ್ವ್ ತೆರೆದೆ. ಗಾಜಿನ ಕೊಳವೆಯಲ್ಲಿ ನೀರು ಸರಾಗವಾಗಿ ಇಳಿಯಿತು, ಒಂದು ಹರಳೂ ಇರಲಿಲ್ಲ. ಸುಳ್ಳೇಕೆ ಹೇಳಲಿ, ಕುಣಿಯುವಷ್ಟು ಹೆಮ್ಮೆಯಾಯಿತು. ಕೆಲಸ ಮುಂದುವರಿಸಿ ಎಂದು ತಜ್ಞರು ಕೈಕುಲುಕಿದರು. ಅಪ್ಪ ಮಾತ್ರ, “ಆಯ್ತೇನವ್ವಾ? ಬಿಚ್ಚು, ಬಸ್ಸೋಯ್ತದೆ” ಎಂದ.

ಅವನ ಜೊತೆ ನಾನೂ ಹೋದೆ. ವೀಳ್ಯದ ಮನೆಯಲ್ಲಿ ಕಂಬಳಿ ಬಿಡಿಸಿದರೆ ಅಂಚಿಗೆ ಬೆಳ್ಳನೆಯ ಕಲೆ. ಪೈಪಿನ ಜೋಡಣೆಯಲ್ಲಿ ಜಿನುಗಿದ ನೀರು ಒಣಗಿ ಬೋರಿಕ್ ಉಳಿದಿತ್ತು. ನನಗೆ ಮುಖ ಎತ್ತಲಾಗಲಿಲ್ಲ.

“ಇದ್ಯಾಕ್ಲಾ, ಗದ್ಗೆ ಮ್ಯಾಲೆ ಸುಣ್ಣ?” ಎಂದ ಅಪ್ಪನ ಓರಗೆಯ ಹಿರಿಯನೊಬ್ಬ.

“ಸುಣ್ಣ ಅಲ್ಲ ಕಣ್ಲಾ” ಎಂದ ಅಪ್ಪ. “ಬೆಳಗ್ಗೆ ನನ್ ಮಗ್ಳು ಕಾಲೇಜ್ನಲ್ಲಿ ನೀರಿನ ಕೈಲಿ ಮಾತು ತಕ್ಕೊಂಡಿದ್ಲು. ನಾನೇ ಕೂತು ನೋಡ್ದೆ, ಮಾತಿಗೆ ತಪ್ನಿಲ್ಲ.”

ಕಲೆಯಿದ್ದ ಅಂಚನ್ನು ಒಳಕ್ಕೆ ಮಡಿಸಲು ಹೋದೆ. ಅಪ್ಪ ನನ್ನ ಕೈ ಸರಿಸಿ, ಆ ಅಂಚನ್ನೇ ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಹಾಸಿದ.