ಕಡುಬು ತಿಂದು ಬಂದವರಿಗೆ ಯಾವ ಅರಿವಳಿಕೆ

ಬಾಳ್ಳುಪೇಟೆಯ ಮನೆಯಿಂದ ಹಾಸನದ ಆಸ್ಪತ್ರೆಗೆ ಹೊರಟವನು ಕಾಫಿ ಸ್ಟೋರಿನ ಬೀಗ ನೋಡಲೆಂದು ಗೇಟಿನಿಂದ ವಾಪಸ್ ಬರುತ್ತೇನೆ. ಇದು ದಿನವೂ ಇರುವುದೇ. ಬೀಗ ಒಮ್ಮೆಯೂ ತೆರೆದಿದ್ದಿಲ್ಲ. “ನಾನೇ ಎಳೆದು ನೋಡಿದೀನಿ, ಹೋಗಿ ಮಾರಾಯ್ರೆ” ಎಂದು ಹೆಂಡತಿ ಕಿಟಕಿಯಿಂದಲೇ ಕೂಗುತ್ತಾಳೆ. ಅರಿವಳಿಕೆ ಕೊಡುವುದು ನನ್ನ ವೃತ್ತಿ. ಊರವರನ್ನೆಲ್ಲ ಮಲಗಿಸಿ ತಾನು ಕಣ್ಣು ಬಿಟ್ಟುಕೊಂಡು ಕೂರುವ ಈ ಕೆಲಸಕ್ಕೆ ನನ್ನಷ್ಟು ಹೊಂದುವವರು ಕಡಿಮೆ.

ಹೋದ ಕಾಫಿ ಕೊಯ್ಲಿನ ಸಮಯ. ಒಂದು ಬೆಳಿಗ್ಗೆ ಬೆಳಗೋಡಿನ ಕಡೆಯಿಂದ ಒಬ್ಬ ಸಣ್ಣ ಬೆಳೆಗಾರರನ್ನು ಕರೆತಂದರು. ಕಣದಲ್ಲಿ ಕಾಫಿ ಹರಡುತ್ತಿದ್ದವರು ನಿಂತಲ್ಲೇ ಕುಸಿದಿದ್ದರು. ಬಲಗೈ, ಬಲಗಾಲು ಆಡುತ್ತಿರಲಿಲ್ಲ, ಮಾತು ನಿಂತುಹೋಗಿತ್ತು. ಮಿದುಳಿನ ಎಡಭಾಗದ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವುದು ಸ್ಕ್ಯಾನಿನಲ್ಲಿ ಕಂಡಿತು. ತೊಡೆಯ ಸಂದಿನಿಂದ ಸಪೂರ ಕೊಳವೆ ಏರಿಸಿ ಆ ಹೆಪ್ಪನ್ನು ಎಳೆದು ತೆಗೆಯಬೇಕು. ತಡವಾದಷ್ಟೂ ಆ ಕೈಯೂ ಆ ಮಾತೂ ಅವರಿಗೆ ಮತ್ತೆ ಸಿಗುವುದು ಕಷ್ಟ.

ಇಂಥವರಿಗೆ ಎರಡು ದಾರಿಗಳಿವೆ. ಕೊಳವೆ ಹೋಗುವ ಜಾಗವನ್ನಷ್ಟೇ ಮರಗಟ್ಟಿಸಿ, ಸ್ವಲ್ಪ ಮಂಪರು ಕೊಟ್ಟು, ಎಚ್ಚರದಲ್ಲೇ ಇಟ್ಟುಕೊಂಡು ಮಾಡುವುದು ಒಂದು. ಪೂರ್ತಿ ನಿದ್ದೆ ಬರಿಸಿ, ಗಂಟಲಿಗೆ ಟ್ಯೂಬ್ ಹಾಕಿ, ಉಸಿರಾಟವನ್ನು ಯಂತ್ರಕ್ಕೆ ವಹಿಸುವುದು ಇನ್ನೊಂದು. ಮೊದಲನೆಯದರಲ್ಲಿ ಸಮಯ ಉಳಿಯುತ್ತದೆ, ಆದರೆ ರೋಗಿ ಹೊರಳಾಡಿದರೆ ಮಿದುಳಿನೊಳಗಿರುವ ಕೊಳವೆಯೂ ಕದಲುತ್ತದೆ. ಎರಡನೆಯದರಲ್ಲಿ ರೋಗಿ ಅಲುಗುವುದಿಲ್ಲ, ಆದರೆ ನಿದ್ದೆ ಹತ್ತುವಾಗ ರಕ್ತದೊತ್ತಡ ಕುಸಿಯಬಹುದು. ಯಾವಾಗಲೂ ಇದೇ ಸರಿ ಎಂದು ಮೇಜು ಕುಟ್ಟಿ ಹೇಳುವವರನ್ನು ಕಂಡರೆ ನನಗೆ ಅಸೂಯೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಪುಣ್ಯವಂತರು.

ಹೆಪ್ಪು ತೆಗೆಯುವ ಡಾಕ್ಟರು ನನಗಿಂತ ಚಿಕ್ಕವರು, ಕೈ ಬಹಳ ಚುರುಕು. ಆಗಲೇ ಗೌನ್ ತೊಟ್ಟು ನಿಂತಿದ್ದರು. “ಸಾರ್, ಎಚ್ಚರದಲ್ಲೇ ಮಾಡೋಣ. ನೀವು ಟ್ಯೂಬ್ ಹಾಕೋಷ್ಟರಲ್ಲಿ ನನ್ನ ಕೊಳವೆ ಕತ್ತಿನ ಹತ್ರ ಇರುತ್ತೆ.”

“ಅವರ ಮನೆಯವರನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ.”

“ಬೀಗ ಹಾಕಿದ್ದೀರಾ ಅಂತಾನಾ ಸಾರ್?” ಎಂದು ಟೆಕ್ನಿಷಿಯನ್ ಕಿಸಕ್ಕನೆ ನಕ್ಕ. ನನ್ನ ಕೀರ್ತಿ ಅಷ್ಟು ದೂರ ಹಬ್ಬಿತ್ತು.

ಬಾಗಿಲಲ್ಲಿ ರೋಗಿಯ ಹೆಂಡತಿ ನಿಂತಿದ್ದರು, ಸೆರಗಿನ ತುಂಬ ಕಾಫಿ ಸಿಪ್ಪೆಯ ಧೂಳು. ಏನೂ ತಿಂದಿಲ್ಲ ಎಂದು ಕೆಳಗೆ ಎಮರ್ಜೆನ್ಸಿಯಲ್ಲಿ ಬರೆಸಿ ಬಂದಿದ್ದರು. ಆದರೆ ನಾನು ಅದೇ ನೆಲದವನು. ನಮ್ಮ ಕಡೆ ಯಾರನ್ನೇ ಆಗಲಿ ಖಾಲಿ ಹೊಟ್ಟೆಯಲ್ಲಿ ದಾರಿಗೆ ಕಳಿಸುವವರಿಲ್ಲ. ಅದಕ್ಕೇ ತಿಂದರಾ ಎಂದು ನಾನು ಕೇಳಲಿಲ್ಲ.

“ಅಕ್ಕಾ, ಗಾಡಿ ಹತ್ತೋ ಮುಂಚೆ ಏನು ಕೊಟ್ರಿ?”

ಅವರು ನೆಲ ನೋಡಿದರು. “ತಲೆ ಸುತ್ತೈತೆ ಅಂದ್ಕಂಡ್ವಿ ಕಣಣ್ಣ. ಬಿಸಿ ಕಡುಬಿತ್ತು. ಹಾಲಲ್ಲಿ ಕಿವುಚಿ ಕುಡಿಸ್ಬುಟ್ಟೆ. ಅರ್ಧ ಬಾಯಿಂದಾಚೆಗೆ ಹೋಯ್ತು. ಆಮ್ಯಾಕೆ ಒಂದ್ಲೋಟ ಕಾಫಿ. ಬಯ್ತಾರೆ ಅಂತ ಕೆಳಗೆ ಹೇಳ್ನಿಲ್ಲ.”

“ಬಯ್ಯಲ್ಲ ಬಿಡಿ. ನಮ್ಮವ್ವ ಆಗಿದ್ರೆ ಜೊತೆಗೆ ಕೋಳಿಸಾರೂ ಕೊಡ್ತಿದ್ಲು.”

“ಮಲಗ್ಸಿದ್ರೆ ಏಳ್ತಾರಾ?”

“ಏಳಿಸೋದೂ ನನ್ನ ಕೆಲಸವೇ.”

ನನ್ನ ಬಾಯಿಂದ ಅಷ್ಟು ಗಟ್ಟಿಯಾದ ಮಾತು ಬಂದದ್ದು ನನಗೇ ಆಶ್ಚರ್ಯ. ಆದರೆ ಆಗ ದಾರಿ ಸ್ಪಷ್ಟವಾಗಿತ್ತು. ರೋಗಿಯ ಹೊಟ್ಟೆ ತುಂಬಿದೆ, ನುಂಗುವ ಶಕ್ತಿ ಕುಂದಿದೆ, ಹೇಳಿದ್ದು ತಲೆಗೆ ಹೋಗುತ್ತಿಲ್ಲ. ಎಡಗೈಯಿಂದ ಹೊದಿಕೆ ಕಿತ್ತೆಸೆಯುತ್ತಿದ್ದಾರೆ. ಮಂಪರಿನಲ್ಲಿ ವಾಂತಿಯಾದರೆ ಕಡುಬೆಲ್ಲ ಶ್ವಾಸಕೋಶಕ್ಕೆ.

“ಪೂರ್ತಿ ನಿದ್ದೆ. ಟ್ಯೂಬ್” ಎಂದೆ.

“ಸಮಯ ಹೋಗುತ್ತೆ ಸಾರ್. ಪ್ರೆಶರ್ ಬಿದ್ರೆ?”

“ಬೀಳೋದಿಲ್ಲ. ನೀವು ತೊಡೆ ಕಡೆ ಶುರು ಮಾಡಿ, ನಾನು ತಲೆ ಕಡೆ ಮಾಡ್ತೀನಿ.”

ಇಲ್ಲಿ ನನ್ನ ಆತಂಕದ ಬುದ್ಧಿ ಕೈ ಹಿಡಿಯಿತು. ಯಾವ ದಾರಿ ಹಿಡಿದರೂ ಇರಲಿ ಎಂದು ಎರಡಕ್ಕೂ ಬೇಕಾದ ಔಷಧಗಳನ್ನು ಮೊದಲೇ ಸಿರಿಂಜಿಗೆ ಎಳೆದಿಟ್ಟಿರುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಗೊತ್ತು: ಮುಖ್ಯ ಪೈಪು ಕಟ್ಟಿಕೊಂಡಾಗ ಅಕ್ಕಪಕ್ಕದ ಸಣ್ಣ ಪೈಪುಗಳಲ್ಲಿ ಅಷ್ಟೋ ಇಷ್ಟೋ ನೀರು ಹೋಗುತ್ತಿರುತ್ತದೆ. ಆಗ ಮೋಟಾರಿನ ಒತ್ತಡ ಇಳಿಸಿದರೆ ತುದಿಯ ಗಿಡಗಳ ಕತೆ ಮುಗಿಯಿತು. ಮಿದುಳೂ ಹಾಗೆಯೇ. ಒತ್ತಡ ಹಿಡಿದಿಡುವ ಔಷಧವನ್ನು ಮೊದಲು ಹರಿಯಬಿಟ್ಟು, ಆಮೇಲೆ ನಿದ್ದೆಯ ಔಷಧ ಕೊಟ್ಟೆ. ಟ್ಯೂಬ್ ಒಳಗೆ ಹೋಗಿ ಉಸಿರಿನ ದಾರಿ ಭದ್ರವಾಯಿತು. ಅದರ ಹಿಂದೆಯೇ ಬಾಯಿಗೆ ಬೆಳ್ಳಗೆ ಕಡುಬು ಬಂತು, ಕಾಫಿ ಬಣ್ಣದ ಹಾಲಿನ ಸಮೇತ. ಹೀರುಕೊಳವೆಯಲ್ಲಿ ಎಳೆದು ತೆಗೆದೆ. ಚಿಕ್ಕ ಡಾಕ್ಟರು ತಲೆ ಎತ್ತಿ ನೋಡಿ ಮತ್ತೆ ಪರದೆಯತ್ತ ತಿರುಗಿದರು. ಒತ್ತಡ ಇಟ್ಟಲ್ಲೇ ಇತ್ತು.

ಹೆಪ್ಪು ಎರಡನೇ ಎಳೆತಕ್ಕೆ ಬಂತು. ನೋಡಲು ಒಣಗಿದ ಕಾಫಿಹಣ್ಣಿನ ಸಿಪ್ಪೆಯಷ್ಟು. ಇಷ್ಟಕ್ಕೆ ಇಷ್ಟು ರಂಪವೇ ಎನಿಸಿತು.

ಅದಾದ ಮೇಲೆ ನನ್ನ ಹಳೇ ಕಾಯಿಲೆ ಶುರು. ಏಳುತ್ತಾರೆ ಎಂದು ಹೇಳಿಬಿಟ್ಟಿದ್ದೆನಲ್ಲ! ಔಷಧ ನಿಲ್ಲಿಸಿ, ಅವರ ಮುಖವನ್ನೇ ನೋಡುತ್ತ ಕೂತೆ. ಕಣ್ಣು ತೆರೆದರು. ಕೈ ಎತ್ತಿ ಎಂದಾಗ ಎತ್ತಿದರು.

“ಎಡಗೈ ಅಲ್ಲ ಮಾರಾಯ್ರೆ, ಆ ಕೈ ಬೆಳಿಗ್ಗೆಯೇ ನೋಡಿದ್ದೀನಿ. ಇನ್ನೊಂದು.”

ಬಲಗೈಯ ಬೆರಳುಗಳು ನಿಧಾನವಾಗಿ ಮಡಚಿ ನನ್ನ ಹೆಬ್ಬೆರಳನ್ನು ಹಿಡಿದವು. ಬಿಗಿಯಾಗಿ ಅಲ್ಲ, ಆದರೂ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮಾತು ಬರಲು ಇನ್ನೂ ಕೆಲವು ದಿನ ಹಿಡಿಯಿತು, ಅದೂ ತೊದಲು. ವಾರ್ಡಿನಿಂದ ಹೊರಡುವ ದಿನ ನೋಡಲು ಹೋದೆ. ಹೆಂಡತಿ ಬುತ್ತಿ ಬಿಚ್ಚುತ್ತಿದ್ದರು.

“ಕೂತ್ಕಳಿ ಅಣ್ಣ, ಕಡುಬೈತೆ.”

“ಬೇಡಕ್ಕ, ಊರಿಗೆ ಹೊರಟಿದ್ದೀನಿ.”

ಹಾಸಿಗೆಯ ಮೇಲಿದ್ದವರು ಬಲಗೈಯನ್ನೇ ಎತ್ತಿ, ತಡವರಿಸುತ್ತ, ನನ್ನನ್ನು ಗದರಿಸಿದರು. “ಖಾಲಿ... ಹೊಟ್ಟೇಲಿ... ಹೋಗ್ತಾರಾ?”

ನಾನು ಕೂತು ತಿಂದೆ. ಎರಡು ತಿಂದೆ. ಬಾಳ್ಳುಪೇಟೆ ತಲುಪುವವರೆಗೆ ಬೀಗದ ನೆನಪೇ ಆಗಲಿಲ್ಲ.